‘ಎಂತ ಆದ್ರೂ ಆತ್ತ್’ ಎಂಬ ಐಟಂ

ಬಾರ್ಕೂರಿನ ತರಕಾರಿಗಳು ಈ ಲೋಕದಲ್ಲಿ ಯಾರಿಗಾದರೂ ಹೆದರುವುದಿದ್ದರೆ ಅದು ನಮ್ಮ ಸೋದರಮಾವನಿಗೆ! ಸುಮ್ಮನೆ ಹೇಳುತ್ತಿಲ್ಲ. ಅವರು ಕತ್ತಿ ಹಿಡಿದು ಹಿತ್ತಲಿಗೆ ಇಳಿದರೆಂದರೆ ನಿನ್ನೆ ತಾನೇ ಕಚ್ಚಿದ ಹೀರೆ ಮಿಡಿಯೂ ಎಲೆಯ ಮರೆಗೆ ಸರಿಯುತ್ತದೆ ಎಂದು ನನ್ನ ಗುಮಾನಿ. ತರಕಾರಿಯ ಮಾತು ಹಾಗಿರಲಿ, ನೆಂಟರಾದ ನಾವೇ ಹೆದರುತ್ತೇವಲ್ಲ! ಕೋಟದ ನಮ್ಮ ಮನೆಯಿಂದ ಬಾರ್ಕೂರು ಏನು ಮಹಾ ದೂರ? ಆದರೂ ಬಸ್ಸು ಹತ್ತುವ ಮೊದಲು ನಾನು ಹೊಟ್ಟೆಗೆ ಒಂದಿಷ್ಟು ಹಾಕಿಕೊಂಡೇ ಹೊರಡುವುದು. ಅಲ್ಲಿ ಏನು ಕಾದಿದೆಯೋ ಬಲ್ಲವರಾರು?

ಮಾವ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋದವರು. ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಸ್ವಂತ ಹೋಟೆಲಿನ ಗಲ್ಲೆಯ ಮೇಲೆ ಕೂತವರು. ವರ್ಷಕ್ಕೊಮ್ಮೆ ಮಾವಿನ ಹಣ್ಣಿನ ಕಾಲಕ್ಕೆ ಊರಿಗೆ ಬರುವುದು, ಮಳೆ ಹಿಡಿಯುವ ಮೊದಲು ವಾಪಸು ಹೊರಡುವುದು. ಮದುವೆಯಾದದ್ದೂ ಅಂಥದೊಂದು ಬೇಸಗೆಯಲ್ಲೇ. ಅತ್ತೆ ಗದ್ದೆ, ದನ, ನನ್ನಜ್ಜಿ ಎಂದು ಬಾರ್ಕೂರಿನಲ್ಲೇ ಉಳಿದರು, ಅಜ್ಜಿ ತೀರಿಕೊಂಡ ಮೇಲೆ ಒಬ್ಬರೇ. ಮಕ್ಕಳಾಗಲಿಲ್ಲ. ಹೋದ ವರ್ಷ ಅತ್ತೆಗೆ ಶುಗರ್ ಏರಿತು. ಡಾಕ್ಟರು, "ಅನ್ನ ಕಡಿಮೆ ಮಾಡಿ, ತಾಜಾ ತರಕಾರಿ ಜಾಸ್ತಿ ತಿನ್ನಿ, ಒಟ್ಟು ಮನಸ್ಸಿಟ್ಟು ಊಟ ಮಾಡಿ" ಅಂದದ್ದೇ ತಡ, ಮಾವ ಹೋಟೆಲನ್ನು ಪಾಲುದಾರರಿಗೆ ಒಪ್ಪಿಸಿ ದೀಪಾವಳಿಯ ಹೊತ್ತಿಗೆ ಊರಿಗೆ ಬಂದುಬಿಟ್ಟರು. ಬಂದವರು ಅಂಗಿ ಬಿಚ್ಚುವ ಮೊದಲೇ ಘೋಷಣೆ ಮಾಡಿದರು: "ನಾಳಿಂದ ಅಡ್ಗಿಮನಿ ನಂದ್. ನೀನ್ ಸುಮ್ನೆ ಕೂಕೊ!"

ಪಾಪ, ಅತ್ತೆ ಕೂತರು. ಆದರೆ ದಿನಕ್ಕೆ ನೂರಾರು ಜನರಿಗೆ ಬಡಿಸಿದ ಕೈಗೆ ಇಬ್ಬರಿಗೆ ಅಡುಗೆ ಮಾಡಲು ಬರುತ್ತದೆಯೇ? ನಮ್ಮ ಕಡೆ ಬಸಳೆಯನ್ನು ಹೇಗೆ ಕೊಯ್ಯುತ್ತಾರೆ ಹೇಳಿ. ಬಾವಿಕಟ್ಟೆಯ ಹತ್ತಿರದ ಚಪ್ಪರದಿಂದ ಇವತ್ತಿನ ಪದಾರ್ಥಕ್ಕೆ ಎಷ್ಟು ಬೇಕೋ ಅಷ್ಟು. ಬಳ್ಳಿ ಮತ್ತೆ ಚಿಗುರುತ್ತದೆ, ನಾವು ಮತ್ತೆ ಕೊಯ್ಯುತ್ತೇವೆ. ಈ ‘ಎಷ್ಟು ಬೇಕೋ ಅಷ್ಟು’ ಎಂಬ ಅಳತೆಯೇ ಮಾವನಿಗೆ ತಿಳಿಯದು. ಅತ್ತೆ ಹಾಲು ಕರೆದು ಬರುವಷ್ಟರಲ್ಲಿ ಚಪ್ಪರ ಬೋಳು! ಒಲೆಯ ಮೇಲೆ, ಮದುವೆಮನೆಯಲ್ಲಿ ಮಾತ್ರ ಕಾಣುವಂಥ ಪಾತ್ರೆಯಲ್ಲಿ ಬಸಳೆ ಹುಳಿ ಕೊತಕೊತ.

"ಹ್ವಾಯ್, ಇದ್ ಯಾರಿಗೆ?" ಎಂದು ಅತ್ತೆ ಕೇಳಿದರು.

"ನಮ್ಗೇ. ಮತ್ ಯಾರಿಗೆ?"

"ನಾವ್ ಇಬ್ರೇ ಅಲ್ದಾ?"

"ಉಳ್ದದ್ದ್ ಪಾರ್ಸೆಲ್!"

ಆ ಪಾರ್ಸೆಲಿನ ಒಂದು ಪಾಲು ಮಧ್ಯಾಹ್ನ ಕೋಟಕ್ಕೆ ಬಂತು. ಬಸ್ಸಿನ ಕಂಡಕ್ಟರು ರಸ್ತೆಬದಿಯಲ್ಲಿ ನನ್ನನ್ನು ಕೂಗಿ ಕರೆದು ಮುಚ್ಚಳ ಹಾಕಿದ ಒಂದು ಬಕೆಟ್ ಇಳಿಸಿದರು. "ಅಕ್ಕಾ, ಬಾರ್ಕೂರ್ ಮಾವ ಕೊಟ್ರ್. ಬಕೆಟ್ ಸಂಜಿ ಟ್ರಿಪ್ಪಿಗೆ ವಾಪಾಸ್ ಕೊಡ್ಕಂಬ್ರ್. ನಂಗೂ ಡ್ರೈವರ್ರಿಗೂ ಬ್ಯಾರೆ ಡಬ್ಬಿ ಇತ್ತ್ ಕಾಣಿ!" ಆ ವಾರ ಬಾರ್ಕೂರಿನಿಂದ ಕೋಟದವರೆಗೆ ಬಸಳೆ ತಿನ್ನದ ಮನುಷ್ಯರಿರಲಿಲ್ಲ. ಮಾವನ ಹಿತ್ತಲಲ್ಲಿ ಮಾತ್ರ ಬಸಳೆ ಮತ್ತೆ ಚಿಗುರಲು ಬಹಳ ಕಾಲ ಹಿಡಿಯಿತು.

ಇನ್ನು ಊಟದ ವೈಭವ. ನೆಂಟರು ಕಾಲು ತೊಳೆದು ಒಳಗೆ ಬಂದರೆ ಮಾವ ಹೆಗಲ ಮೇಲೆ ಟವೆಲು ಹಾಕಿಕೊಂಡು ಎದುರು ನಿಲ್ಲುತ್ತಾರೆ. ಒಂದೇ ಉಸಿರಿಗೆ ಶುರು: "ಹರಿವೆ ಪಲ್ಯ, ಬಾಳೆದಿಂಡಿನ ಪಚ್ಡಿ, ಒಂದೆಲಗದ ತಂಬ್ಳಿ, ಮುಳ್ಳುಸೌತೆ ಕೋಸಂಬ್ರಿ, ಹಾಗಲ್ಕಾಯ್ ಜ್ಯೂಸ್! ಎಂತ ಬೇಕ್?" ನಾನು ಹರಿವೆ ಪಲ್ಯ ಎಂದೆ. "ಒಂದ್ ಹರಿವೇ..." ಎಂದು ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು. ಕೂಗಿದ ಮೇಲೆ ತಾವೇ ಒಳಗೆ ಓಡಿದರು. ಒಳಗಿನಿಂದ ಅವರದೇ ಧ್ವನಿ: "ಹರಿವೆ ಖಾಲೀ!" ಮತ್ತೆ ಹೊರಗೆ ಬಂದು, ಯಾರೋ ಭಟ್ಟರ ತಪ್ಪಿಗೆ ತಾನು ಸಂಕೋಚ ಪಡುವವರ ಹಾಗೆ ಮುಖ ಮಾಡಿ, "ಹರಿವೆ ಖಾಲಿ ಆಯ್ತಂಬ್ರ್ ಮಗಾ. ಹಾಗಲ್ಕಾಯ್ ಜ್ಯೂಸ್ ತಕ್ಕಂತ್ಯಾ?" ಎಂದರು. ತಂಬುಳಿ ಕೇಳಿದರೂ ಅದೇ ಕತೆ, ಕೋಸಂಬರಿ ಕೇಳಿದರೂ ಅದೇ ಕತೆ. ಆ ಮನೆಯಲ್ಲಿ ಎಲ್ಲ ದಾರಿಗಳೂ ಹಾಗಲಕಾಯಿ ಜ್ಯೂಸಿಗೇ ಹೋಗಿ ಸೇರುವುದು!

ಒಮ್ಮೆ ಬ್ರಹ್ಮಾವರದ ಸಂತೆಗೆ ಅವರ ಜೊತೆ ಹೋಗಿ ನನ್ನ ಮಾನ ಹರಾಜಾಯಿತು. ಸೌತೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬಡಿದು ನೋಡುವುದು, ಅಲಸಂಡೆಯನ್ನು ಬಗ್ಗಿಸಿ ನೋಡುವುದು, ಬೆಂಡೆಕಾಯಿಯ ತುದಿಯನ್ನಂತೂ ಒಂದೊಂದಾಗಿ ಮುರಿಯುತ್ತಲೇ ಹೋಗುವುದು. "ಇದ್ ಯಾವತ್ ಕೊಯ್ದದ್? ಬೆಳಿಗ್ಗೆಯಾ, ನಿನ್ನೆ ಸಂಜಿಗಾ? ಯಾವ್ ಊರಿದ್? ನೀರ್ ಬಾವಿದಾ, ಹೊಳಿದಾ?" ಎಂದು ವಿಚಾರಣೆ ಬೇರೆ. ತರಕಾರಿಯ ಹೆಂಗಸಿಗೆ ಸಾಕುಸಾಕಾಯಿತು. "ಹ್ವಾಯ್ ಮಾರಾಯ್ರೇ, ನೀವ್ ಬೆಂಡಿಕಾಯ್ ತಕಂಬುಕೆ ಬಂದದ್ದಾ, ಅದ್ಕೆ ಗಂಡ್ ಕಾಂಬುಕೆ ಬಂದದ್ದಾ? ಮುರ್ದದ್ದೆಲ್ಲ ನೀವೇ ತಕಂಡ್ ಹೋಯ್ನಿ!" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಮಾವ ತುದಿ ಮುರಿದ ಬೆಂಡೆಕಾಯಿಗಳನ್ನೆಲ್ಲ ಗಂಭೀರವಾಗಿ ಚೀಲಕ್ಕೆ ತುಂಬಿಸಿಕೊಂಡರು. ಬಸ್ಸಿನಲ್ಲಿ ಕೂತ ಮೇಲೆ, "ನಿನ್ನತ್ತಿಗೆ ಬೆಂಡಿಕಾಯ್ ಹಿಡಿಸುತ್ತೋ ಏನೋ, ಕಾಂಬ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗ ನನಗೆ ಸ್ವಲ್ಪ ಸ್ವಲ್ಪ ಹೊಳೆಯಿತು, ಈ ಎಲ್ಲ ಗಲಾಟೆಯ ಒಳಗಿನ ಗುಟ್ಟು. ಅತ್ತೆ ಏನು ಬಡಿಸಿದರೂ "ಲಾಯ್ಕಿತ್ತ್" ಎನ್ನುತ್ತಾರೆ. ಹರಿವೆಗೂ ಲಾಯ್ಕಿತ್ತ್, ಹಾಗಲಕಾಯಿ ಜ್ಯೂಸಿಗೂ ಲಾಯ್ಕಿತ್ತ್! ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ಹೋಟೆಲಿನವರನ್ನು ಹಾಗೆಲ್ಲ ಏಮಾರಿಸಲಾದೀತೇ? "ಗಿರಾಕಿ ಬಾಯಿ ಸುಳ್ಳ್ ಹೇಳುಕೂ ಸಾಕ್, ತಟ್ಟೆ ಹೇಳುದಿಲ್ಲ" ಎಂದು ಮಾವ ಅತ್ತೆಯ ತಟ್ಟೆಯನ್ನು ಎತ್ತಿಕೊಂಡು ಹೋಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆಂಡೆಕಾಯಿ ಅಂಚಿಗೆ ಸರಿದಿದೆ. ಸೋರೆಕಾಯಿ ಅರ್ಧ ಉಳಿದಿದೆ. ತೂಕ ಬೇರೆ ಇಳಿಯುತ್ತಿದೆ, ಡಾಕ್ಟರು ಬೈಯುತ್ತಿದ್ದಾರೆ.

"ಮಗಾ," ಒಂದು ದಿನ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ನಿನ್ನತ್ತಿಗೆ ಯಾವ್ ತರ್ಕಾರಿ ಇಷ್ಟ ಅಂತ ನಿಂಗೆ ಗೊತ್ತಿತ್ತಾ?"

ನಾನು ಕಿಸಕ್ಕನೆ ನಕ್ಕೆ. "ನಿಮ್ ಹೆಂಡ್ತಿ ಅಲ್ದಾ ಮಾವ, ನಿಮ್ಗೇ ಗೊತ್ತಿಲ್ಯಾ?"

ಅವರು ನಗಲಿಲ್ಲ. ಅವರಿಗೆ ಯಾರ ಇಷ್ಟ ಗೊತ್ತಿಲ್ಲ ಹೇಳಿ! ಬೊಂಬಾಯಿ ಹೋಟೆಲಿನ ಮೂಲೆ ಮೇಜಿನ ಬ್ಯಾಂಕಿನವರಿಗೆ ಸಾಂಬಾರು ಇಡ್ಲಿಯ ಮೇಲೆ ಸುರಿಯಬಾರದು. ಒಬ್ಬ ಟ್ಯಾಕ್ಸಿಯವರಿಗೆ ಉಪ್ಪಿಟ್ಟಿನ ಮೇಲೆ ಸಕ್ಕರೆ ಬೇಕು. ಒಬ್ಬ ಟೀಚರಮ್ಮನಿಗೆ ದೋಸೆ ಅಂಚಿನಲ್ಲಿ ಕರುಕಲಾಗಬೇಕು. ಆ ಟೀಚರಮ್ಮ ತೀರಿಕೊಂಡ ಸುದ್ದಿ ಬಂದ ದಿನ ಮಾವ ಯಾರೂ ಕೇಳದಿದ್ದರೂ ಒಂದು ದೋಸೆ ಹಾಗೆ ಕರುಕಲು ಮಾಡಿ ತೆಗೆದಿಟ್ಟಿದ್ದರಂತೆ. ಊರಿಗೂರಿಗೇ ಬೇಕಾದ್ದು ಗೊತ್ತಿದ್ದ ಮನುಷ್ಯನಿಗೆ ಹೆಂಡತಿಯ ಬಾಯಿರುಚಿ ಮಾತ್ರ ಗೊತ್ತಿಲ್ಲ. ವಿಚಿತ್ರವೆಂದರೆ, ಯೋಚಿಸಿ ನೋಡಿದರೆ ನನಗೂ ಗೊತ್ತಿಲ್ಲ! ನಾನು ಹೋದರೆ ಅತ್ತೆ ಎಳೆ ಹಲಸಿನಕಾಯಿ ಪಲ್ಯ ಮಾಡುತ್ತಿದ್ದರು, ಅದು ನನಗಿಷ್ಟ. ಮಾವ ಬೇಸಗೆಯಲ್ಲಿ ಬಂದರೆ ಮಾವಿನ ಹಣ್ಣಿನ ಸಾಸಿವೆ, ಅದು ಮಾವನಿಗಿಷ್ಟ. ಅತ್ತೆ ತಮಗಾಗಿ ಏನು ಮಾಡಿಕೊಳ್ಳುತ್ತಿದ್ದರು? ಕೇಳಿದವರಿಲ್ಲ, ನೋಡಿದವರಿಲ್ಲ.

ಆಗಲಿ ಎಂದು ಮಾವ ನೇರವಾಗಿಯೇ ಕೇಳಿದರು. "ನಿಂಗೆ ಎಂತ ಇಷ್ಟ? ಬಾಯ್ ಬಿಟ್ ಹೇಳ್."

"ನಂಗೆ ಎಂತ ಆದ್ರೂ ಆತ್ತ್" ಎಂದರು ಅತ್ತೆ.

ಮಾವನಿಗೆ ಎಲ್ಲಿತ್ತೋ ಸಿಟ್ಟು! "ಎಂತ ಆದ್ರೂ ಆತ್ತ್ ಅಂಬು ಐಟಂ ನನ್ನ್ ಮೆನುವಲ್ಲಿ ಇಲ್ಲ!" ಎಂದು ಟವೆಲು ಕೊಡವಿ ಹೊರಗೆ ಹೋದರು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ಜೀವಮಾನವಿಡೀ ಒಬ್ಬಳು ಹೆಂಗಸು ‘ಎಂತ ಆದ್ರೂ ಆತ್ತ್’ ಎಂದುಕೊಂಡೇ ಉಂಡದ್ದು ನಗುವ ಸಂಗತಿಯಲ್ಲ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು, ಬೇಜಾರಾಯಿತು.

ಮಳೆಗಾಲ ಬಂತು. ಹೋಟೆಲು ಸೇರಿದ ಮೇಲೆ ಮಾವ ಊರಿನಲ್ಲಿ ಕಂಡ ಮೊದಲ ಮಳೆಗಾಲ. ಆ ದಿನ ನಾನೂ ಅಲ್ಲಿದ್ದೆ. ಹಾಲು ಕೊಟ್ಟು ಬರಲು ಹೋಗಿದ್ದ ಅತ್ತೆ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು. ಬಿಚ್ಚಿದರೆ ಚಗಟೆ ಸೊಪ್ಪು. ಹೊಸ ಮಳೆ ಬಿದ್ದ ಕೂಡಲೇ ರಸ್ತೆಯ ಅಂಚಿನಲ್ಲಿ, ಪಾಗಾರದ ಗೋಡೆಯ ಬುಡದಲ್ಲಿ ತನ್ನಷ್ಟಕ್ಕೆ ಹುಟ್ಟುತ್ತದಲ್ಲ, ಅದು. ಯಾರೂ ಬಿತ್ತುವುದಿಲ್ಲ, ಯಾರೂ ಮಾರುವುದಿಲ್ಲ. ಎಳೆಯದಿರುವಾಗ ಚಿವುಟಿ ತಂದು ಹಲಸಿನ ಬೀಜ ಹಾಕಿ ಪಲ್ಯ ಮಾಡುತ್ತಾರೆ. ಸ್ವಲ್ಪ ದಿನ ಬಿಟ್ಟರೆ ಬಲಿತುಹೋಗುತ್ತದೆ.

ಮಾವನ ಮುಖ ಕೆಂಪಾಯಿತು. "ಎಂತದಿದ್? ಚಗ್ಟಿ ಸೊಪ್ಪಾ? ಸಣ್ಣದಿಪ್ಪತಿಗೆ ಅಕ್ಕಿ ಇಲ್ದೆ ಇದ್ನೇ ಬೇಯ್ಸಿ ತಿಂದದ್ದ್ ಸಾಕಾಯ್ಲಿಲ್ಯಾ? ಇದ್ನ್ ತಿಂಬುದ್ ಬ್ಯಾಡ ಅಂದೇಳಿಯೇ ನಾನ್ ಬೊಂಬಾಯಿಗೆ ಹೋದ್ದ್! ನನ್ ಹೆಂಡ್ತಿ ರಸ್ತಿ ಬದಿ ಸೊಪ್ಪ್ ಹೆಕ್ಕುದಾ?"

ಸೊಪ್ಪು ಗೊಬ್ಬರದ ಗುಂಡಿಗೆ ಬಿತ್ತು. ಅತ್ತೆ ಕಾಲು ತೊಳೆದು ಒಳಗೆ ಬಂದು, ಸಂತೆಯ ಕ್ಯಾರೆಟ್ಟಿನ ಪಲ್ಯಕ್ಕೆ "ಲಾಯ್ಕಿತ್ತ್" ಎಂದರು. ಆದರೆ ಒಳಗೆ ಬರುವ ಮೊದಲು ಒಂದು ಸಲ ಗುಂಡಿಯ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೆ. ಆ ನೋಟ ನನ್ನ ತಲೆಯಿಂದ ಹೋಗಲಿಲ್ಲ.

ಆಸಾಡಿ ತಿಂಗಳು ಮುಗಿಯುತ್ತ ಬಂದಾಗ ನಮ್ಮ ಬಾವಿಯ ಹಿಂದಿನ ನೆರಳಿನಲ್ಲಿ ಇನ್ನೂ ಒಂದಿಷ್ಟು ಎಳೆ ಚಗಟೆ ಉಳಿದಿತ್ತು. ಹಲಸಿನ ಬೀಜ ಜಜ್ಜಿ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿದೆ. ಡಬ್ಬಿಯಲ್ಲಿ ಹಾಕಿಕೊಂಡು ಬಾರ್ಕೂರಿಗೆ ಹೋದೆ. ಮಾವ ಹೆಗಲ ಟವೆಲು ಸರಿಮಾಡಿಕೊಂಡು ಮೆನು ಹೇಳಲು ಬಾಯಿ ತೆರೆಯುವ ಮೊದಲೇ ಅತ್ತೆಯ ತಟ್ಟೆಗೆ ಬಡಿಸಿಬಿಟ್ಟೆ. ಮಾವ ಹುಬ್ಬು ಗಂಟಿಕ್ಕಿ ನಿಂತರು. ನಾನು ಕಂಡರೂ ಕಾಣದ ಹಾಗೆ ನಿಂತೆ.

ಅತ್ತೆ ತಿಂದರು. ಇನ್ನೊಂದು ಸಲ ಹಾಕಿಸಿಕೊಂಡರು. ಕೊನೆಗೆ ತಟ್ಟೆಯನ್ನು ಬೆರಳಿನಿಂದ ಬಳಿದರು. ‘ಲಾಯ್ಕಿತ್ತ್’ ಎನ್ನಲು ಮರೆತೇಬಿಟ್ಟಿದ್ದರು!

ಮಾವ ಖಾಲಿ ತಟ್ಟೆಯನ್ನೇ ನೋಡುತ್ತ ಗೋಡೆಗೆ ಒರಗಿದರು. "ಇಷ್ಟ್ ವರ್ಷ ಆಯ್ತ್. ಇದ್ ಇಷ್ಟ ಅಂದೇಳಿ ನಂಗೆ ಎಂತಕೆ ಹೇಳ್ಲಿಲ್ಲ ನೀನ್?"

ಅತ್ತೆ ತಲೆ ಎತ್ತದೆ ಹೇಳಿದರು: "ಎಂತ ಹೇಳುದ್? ನೀವ್ ಬಪ್ಪತಿಗೆ ಅದ್ ಇಪ್ಪುದಿಲ್ಲ. ಅದ್ ಬಪ್ಪತಿಗೆ ನೀವ್ ಇಪ್ಪುದಿಲ್ಲ."

ಮಾವ ಬರುತ್ತಿದ್ದದ್ದು ಬೇಸಗೆಗೆ, ಚಗಟೆ ಹುಟ್ಟುವುದು ಮಳೆಗೆ. ಅತ್ತೆ ಅದನ್ನು ದೂರು ಹೇಳುವ ಧ್ವನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮಾವ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದರು. ಅವರು ಕೊಡೆಯನ್ನೂ ತೆಗೆದುಕೊಳ್ಳದೆ ಹೊರಗೆ ನಡೆದರು. ರಸ್ತೆಯ ಬದಿಯಲ್ಲಿ, ಗದ್ದೆಯಂಚಿನಲ್ಲಿ ಬಗ್ಗಿ ಬಗ್ಗಿ ಹುಡುಕುವುದು ಜಗಲಿಯಿಂದ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಆ ವೇಷ ನೋಡಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಅವತ್ತು ಅವರು ಬಿಟ್ಟುಹೋದ ಕೊಡೆ ಹಿಡಿದುಕೊಂಡು ಜಗಲಿಯಲ್ಲೇ ನಿಂತೆ. ಎಷ್ಟು ಮಳೆಗಾಲಗಳು ಹಾಗೆಯೇ ಹರಿದುಹೋದುವು! ಅವನ್ನೆಲ್ಲ ಯಾವ ಸಂತೆಗೆ ಹೋಗಿ ತರುವುದು?

ಬಹಳ ಹೊತ್ತಿನ ಮೇಲೆ ಒದ್ದೆ ಮುದ್ದೆಯಾಗಿ ಬರಿಗೈಯಲ್ಲಿ ಬಂದರು. "ಎಲ್ಲ ಬಲ್ತ್ ಹೂ ಬಿಟ್ಟಿತ್ ಮಾರಾಯ್ತಿ. ಒಂದ್ ಎಳಿ ಕುಡಿ ಸಿಕ್ಲಿಲ್ಲ."

"ಅಡ್ಡಿಲ್ಲ ಬಿಡಿ, ಬಪ್ಪ ವರ್ಷ ಕಾಂಬ" ಎಂದು ಅತ್ತೆ ಟವೆಲು ಕೊಟ್ಟರು.

ಮಾವ ಮುಖ ಒರೆಸಿಕೊಂಡರು. ಮಳೆಯ ನೀರೋ ಬೇರೆಯೋ, ನಾನು ನೋಡಲು ಹೋಗಲಿಲ್ಲ. ಆಮೇಲೆ ಅತ್ತೆಯ ಎದುರು ನೆಲದ ಮೇಲೆ ಕೂತು, ಯಾವ ಗಿರಾಕಿಯನ್ನೂ ಕೇಳದಷ್ಟು ಸಣ್ಣ ಧ್ವನಿಯಲ್ಲಿ ಕೇಳಿದರು: "ಮಳ್ಗಾಲ್ದಲ್ಲಿ ನಿಂಗೆ ಇನ್ ಎಂತೆಂತ ಇಷ್ಟ? ಹೇಳ್."

ಅತ್ತೆ ಬೆರಳು ಮಡಚಿ ಎಣಿಸತೊಡಗಿದರು. "ಬಿದ್ರಿನ್ ಕಳ್ಲಿ ಪಲ್ಯ," ಎಂದರು. "ಮತ್ತೆ, ಕೆಸಿನ ದಂಟಿನ ಹುಳಿ." ಹೊರಗೆ ಮಳೆ ಜೋರಾಯಿತು. ಅದರ ಕಡೆ ನೋಡಿಕೊಂಡು, ನಾಚಿಕೆಯಿಂದ ಎಂಬಂತೆ ಇನ್ನೊಂದು ಸೇರಿಸಿದರು: "ಮತ್ತೆ, ಹೀಂಗೆ ಮಳಿ ಬಪ್ಪತಿಗೆ ಯಾರಾರೂ ಒಟ್ಟಿಗ್ ಕೂಕಂಡ್ ಉಂಬುದ್."

ಹೋಟೆಲಿನವರು ಉಣ್ಣುವುದು ಗಿರಾಕಿಗಳೆಲ್ಲ ಎದ್ದ ಮೇಲೆ, ಅಡುಗೆಮನೆಯಲ್ಲಿ, ನಿಂತುಕೊಂಡು. ಊರಿಗೆ ಬಂದ ಮೇಲೂ ಮಾವನದು ಅದೇ ಅಭ್ಯಾಸ. ಅವತ್ತು ಅವರು ಎದ್ದು ಹೋಗಿ ತಮಗೂ ಒಂದು ತಟ್ಟೆ ತಂದು, ಅತ್ತೆಯ ಪಕ್ಕದಲ್ಲಿಟ್ಟು ಕೂತರು.