ಚಂದ್ರಿಯ ಕಾಯಿಲೆಗೆ ಮುಂಗಡ ಜೋಳ

ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನಲ್ಲಿ ಗಿರದಾವರನಾಗಿದ್ದೆ. ಊರೂರು ತಿರುಗಿ ಹೊಲದ ಬೆಳೆ ನೋಡಿ ಬರೆದುಕೊಂಡು ಬರುವ ನೌಕರಿ. ನಿಜವಾಗಿ ತಿರುಗುತ್ತಿದ್ದವಳು ಚಂದ್ರಿ, ನನ್ನ ಹೆಣ್ಣು ತಟ್ಟು ಕುದುರೆ. ನಾನು ಬರೀ ಮೇಲೆ ಕೂತಿರುತ್ತಿದ್ದೆ. ಮನೆಗೆ ಬಂದು ಇಳಿದರೆ ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುವಳು. ನಮಗೆ ಮಕ್ಕಳಿರಲಿಲ್ಲ. ಅವಳಿಗೇನಾದರೂ ಆದರೆ ಎಂಬ ಚಿಂತೆ ನನಗೆ ನೌಕರಿಯ ಚಿಂತೆಗಿಂತ ದೊಡ್ಡದಾಗಿತ್ತು.

ಒಂದು ವರ್ಷ ಪಕ್ಕದ ಮನೆಯವರ ಕುದುರೆ ಹೊಟ್ಟೆನೋವು ಬಂದು ಬೆಳಗಾಗುವುದರೊಳಗೆ ಸತ್ತಿತು. ಅದೇ ವಾರ ದನ-ಕುದುರೆಗಳ ವೈದ್ಯ ಖಾಜಾಸಾಬ ನಮ್ಮ ಕಟ್ಟೆಗೆ ಬಂದು ಕೂತ. ಬಡಿಗ, ಕಮ್ಮಾರರಿಗೆ ಸುಗ್ಗಿಯಲ್ಲಿ ವರ್ಷದ ಕೆಲಸಕ್ಕೆಂದು ಆಯದ ಕಾಳು ಕೊಡುವಂತೆ ತನಗೂ ವರ್ಷಕ್ಕೊಂದು ಚೀಲ ಜೋಳ ಕೊಟ್ಟರೆ, ಚಂದ್ರಿಗೆ ಏನೇ ಜಡ್ಡು ಬಂದರೂ ಕರೆದಾಗ ಬರುವುದಾಗಿ ಹೇಳಿದ.

“ಜಡ್ಡು ಬರಲಿಲ್ಲಂದ್ರ?” ಎಂದಳು ನನ್ನ ಹೆಂಡತಿ ಪಾರವ್ವ, ಒಳಗಿನಿಂದ.

“ಅದು ನಿಮ್ಮ ನಸೀಬು ತಾಯಿ.”

“ಮತ್ತ ಜ್ವಾಳ?”

“ಅದು ನನ್ನ ನಸೀಬು.”

ಸರ್ಕಾರಿ ನೌಕರನಾದ ನಾನು ದೂರದೃಷ್ಟಿಯುಳ್ಳವನು. ಚೀಲ ಕೊಟ್ಟೆ.

ಆಮೇಲೆ ಶುರುವಾಯಿತು ನನ್ನ ಗೋಳು. ಚಂದ್ರಿಗೆ ಒಂದು ಕೆಮ್ಮೂ ಬರಲಿಲ್ಲ! ಪಾಮನಕಲ್ಲೂರಿನ ಎರೆಮಣ್ಣಿನಲ್ಲಿ ಕಾಲು ಹೂತರೂ, ಸಿಂಧನೂರಿನ ಬಿಸಿಲಲ್ಲಿ ದಿನವಿಡೀ ನಿಂತರೂ ಅವಳು ಸುಖವಾಗಿ ಹುಲ್ಲು ಮೇಯುತ್ತಿದ್ದಳು. ಜ್ವರ, ನೆಗಡಿ, ಬೆನ್ನುನೋವು ಎಲ್ಲ ನನಗೇ. ದಿನಾ ಬೆಳಿಗ್ಗೆ ಲಾಯಕ್ಕೆ ಹೋಗಿ ಅವಳ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದೆ.

“ಕುದುರಿ ಆರಾಮೈತಂತ ಮಾರಿ ಸಣ್ಣ ಮಾಡೋರನ್ನ ನಾ ಎಲ್ಲೂ ನೋಡಿಲ್ರಿ,” ಎಂದಳು ಪಾರವ್ವ.

“ಒಂದು ಚೀಲ ಜ್ವಾಳ ಸುಮ್ನ ಹೋತಲ್ಲ.”

“ಹೋದ್ರ ಹೋತು. ಅದರ ಹೊಟ್ಟಿ ತಣ್ಣಗಿರಲಿ, ಬಿಡ್ರಿ.”

ಬಿಡಲಿಲ್ಲ. ಚಂದ್ರಿ ಆಕಳಿಸಿದ ದಿನ ಖಾಜಾಸಾಬನಿಗೆ ಹೇಳಿ ಕಳಿಸಿದೆ. ಮಾತಿಗೆ ತಪ್ಪದ ಮನುಷ್ಯ, ಬಂದ. ಬಂದವನು ಸುಮ್ಮನೆ ಹೋಗುವುದುಂಟೇ? ಬಿದಿರಿನ ಗೊಟ್ಟದಲ್ಲಿ ಕಷಾಯ ತುಂಬಿ ಅವಳ ಗಂಟಲಿಗೆ ಸುರಿದ. ಕಷಾಯದ ಬೆಲ್ಲ, ತುಪ್ಪ ಮನೆಯವರೇ ಕೊಡಬೇಕಂತೆ. ಜೋಳದಲ್ಲಿ ಅದು ಸೇರಿಲ್ಲವಂತೆ. ನನಗೆ ಹಟ ಬಂತು. ಈಗ ತುಪ್ಪವನ್ನೂ ವಸೂಲು ಮಾಡಬೇಕಲ್ಲ! ಅವಳು ಸೀನಿದರೆ ಕರೆಸಿದೆ. ಬಾಲ ಅಲ್ಲಾಡಿಸಿದರೆ ಕರೆಸಿದೆ, ಅಲ್ಲಾಡಿಸದಿದ್ದರೂ ಕರೆಸಿದೆ. ಕರೆಸಿ ಕರೆಸಿ ನನಗೇ ಸಾಕಾಗಿ ಹೋಯಿತು.

ಚಂದ್ರಿ ನನ್ನ ಹೆಗಲ ಮೇಲೆ ಗದ್ದ ಇಡುವುದನ್ನು ಬಿಟ್ಟಳು. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗಿ ನಿಲ್ಲುವಳು. ನನಗೆ ಬಹಳ ಸಂಕಟವಾಯಿತು. ಇದೂ ಒಂದು ಜಡ್ಡೇ ಇರಬೇಕೆಂದು ಮತ್ತೆ ಖಾಜಾಸಾಬನನ್ನು ಕರೆಸಿದೆ.

ಗೊಟ್ಟ ಕಂಡದ್ದೇ ತಡ, ಅವಳು ಹಿಂಗಾಲು ಎತ್ತಿದಳು. ಖಾಜಾಸಾಬ ಅನುಭವಸ್ಥ, ಸರಿದ. ನಾನು ಗಿರದಾವರ, ನಿಂತಿದ್ದೆ.

ಕಣ್ಣು ಬಿಟ್ಟಾಗ ಲದ್ದಿಯ ಬುಟ್ಟಿಯ ಪಕ್ಕದಲ್ಲಿ ಬಿದ್ದಿದ್ದೆ. ಮೊಣಕಾಲು ಕುಂಬಳಕಾಯಿಯಷ್ಟಾಗಿತ್ತು.

“ಕಟ್ಟು ಕಟ್ಟೋ ಖಾಜಾಸಾಬ,” ಎಂದು ನರಳಿದೆ.

“ಕಟ್ತೀನ್ರಿ ಸಾಹೇಬ್ರ. ಆದ್ರ ಆ ಜ್ವಾಳ ಕುದುರಿದು. ನಿಮ್ಮ ಕಾಲು ಅದರಾಗ ಬರಂಗಿಲ್ಲ.”

“ಒದ್ದಿದ್ದು ಕುದುರಿನ ಅಲ್ಲೇನೋ?”

“ಒದ್ದ ಕಾಲಿಗೆ ನೋವಾಗಿದ್ರ ನೋಡ್ತೀನ್ರಿ,” ಎಂದು ಅವನು ಹೋಗಿ ಚಂದ್ರಿಯ ಕಾಲು ಸವರಿ ಬಂದ. “ಆರಾಮೈತ್ರಿ.”

ಪಾರವ್ವ ನನ್ನ ತಲೆಯ ಕೆಳಗೆ ಗೋಣಿಚೀಲ ಮಡಚಿ ಇಟ್ಟು, ಅವನ ಕಡೆ ತಿರುಗಿದಳು.

“ಮುಂದಿನ ವರ್ಷ ಕುದುರಿದು ಬ್ಯಾಡಪಾ. ಇವರನ್ನ ಹಿಡಿ. ಚೀಲ ನಾ ಕೊಡ್ತೀನಿ.”

ಖಾಜಾಸಾಬ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ನನ್ನ ತುಟಿ ಸರಿಸಿ ಹಲ್ಲು ನೋಡಿದ. ರೆಪ್ಪೆ ಎತ್ತಿ ಕಣ್ಣು ನೋಡಿದ. ಎದ್ದು ಕೈ ಒರೆಸಿಕೊಂಡ.

“ಇಷ್ಟು ವಯಸ್ಸಾದದ್ದನ್ನ ನಾವು ಆಯಕ್ಕ ಹಿಡಿಯಂಗಿಲ್ಲ ತಾಯಿ,” ಎಂದ.