ಬ್ಯಾಗ್‌ಪೈಪಿಗೆ ಬಿದ್ದ ಪಾಕ

"ಈ ಸಲ ನಮ್ಮ ಮಕ್ಕಳ ಬ್ಯಾಂಡ್ ಬಹುಮಾನ ತರದಿದ್ದರೆ ನನ್ನ ಹೆಸರು ಗ್ರೆಗರ್ ಅಲ್ಲ!" ಎಂದು ನಾನು ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಗಂಜಿಯ ಬಟ್ಟಲು ಮಗುಚಿತು.

"ಹೆಸರು ಏನಾದ್ರೂ ಇಟ್ಕೋ. ಮೊದಲು ಗಂಜಿ ಒರೆಸು," ಎಂದಳು ರೋನಾ.

ರೋನಾ ನನ್ನ ಹೆಂಡತಿ. ನಮ್ಮ ಇಂಚ್‌ಬ್ರೇ ಊರಿನ ಮಕ್ಕಳ ಬ್ಯಾಗ್‌ಪೈಪ್ ಬ್ಯಾಂಡಿಗೆ ಅವಳೇ ಗುರು. ನಾನು ಅದೇ ಬ್ಯಾಂಡಿನ ಬೆನ್ನೆಲುಬು. ಅವಳ ಪ್ರಕಾರ ಸಾಮಾನು ಹೊರುವವನು. ಹೊರಲಿಕ್ಕೂ ಬೆನ್ನೆಲುಬೇ ಬೇಕಲ್ಲವೇ? ಹಾಗಾಗಿ ಈ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ.

ನಮ್ಮ ಬ್ಯಾಂಡು ಸಾಮಾನ್ಯದ್ದೆಂದು ತಿಳಿಯಬೇಡಿ. ಸ್ಪರ್ಧೆಯ ಫಲಿತಾಂಶವನ್ನು ಕೆಳಗಿನಿಂದ ಓದಿದರೆ ಯಾವಾಗಲೂ ನಾವೇ ಮೊದಲು! ಮಕ್ಕಳು ಕೆಟ್ಟದಾಗಿ ಊದುತ್ತಾರೆಂದಲ್ಲ. ಬೆರಳುಗಳು ಮಿಂಚಿನಂತೆ ಓಡುತ್ತವೆ. ಸಮಸ್ಯೆ ಇದ್ದದ್ದು ಕಂಕುಳಲ್ಲಿ ಒತ್ತಿ ಕೊಳವೆಗಳಿಗೆ ಗಾಳಿ ಹಾಯಿಸುವ ಚೀಲಗಳಲ್ಲಿ. ಹಿಂದಿನ ತಲೆಮಾರಿನವರು ದಾನ ಕೊಟ್ಟ ಕುರಿ ಚರ್ಮದ ಚೀಲಗಳು. ಮಕ್ಕಳು ಬಾಯಿಂದ ಊದಿದ ಗಾಳಿಯಲ್ಲಿ ಅರ್ಧ ಕೊಳವೆಗೆ, ಅರ್ಧ ಲೋಕಕಲ್ಯಾಣಕ್ಕೆ! ಊದಿ ಊದಿ ಮಕ್ಕಳ ಕೆನ್ನೆ ಬನ್ನಿನಂತಾಗುತ್ತಿತ್ತು. ಅದರ ಮೇಲೆ ಡೂಗಿ ಎಂಬ ನಮ್ಮ ಗುಂಡು ಹುಡುಗ ಬೇರೆ. ಹಾಡು ಮುಗಿದು ಎಲ್ಲರೂ ನಿಲ್ಲಿಸಿದ ಮೇಲೂ ಅವನ ಹೆಗಲ ಮೇಲಿನ ಶ್ರುತಿ ಕೊಳವೆಗಳು "ಞೊಂಯ್..." ಎಂದು ಈಯುವ ಹಸುವಿನಂತೆ ಒಂದಿಷ್ಟು ಹೊತ್ತು ನರಳುತ್ತಿದ್ದವು. ತೀರ್ಪುಗಾರರು ಪೆನ್ನು ಎತ್ತುತ್ತಿದ್ದದ್ದೇ ಆಗ.

ಈ ಸಲ ಮಾತ್ರ ಬಹುಮಾನ ಬೇಕೇಬೇಕಿತ್ತು. ನಮ್ಮ ಪೈಪ್ ಮೇಜರ್, ಅಂದರೆ ಬ್ಯಾಂಡನ್ನು ಮುಂದೆ ನಿಂತು ನಡೆಸುವ ಹುಡುಗಿ ಮಿರ್ರನ್, ಚಳಿಗಾಲ ಬರುವಷ್ಟರಲ್ಲಿ ಹದಿನೆಂಟು ತುಂಬುತ್ತಾಳೆ. ಆಮೇಲೆ ಮಕ್ಕಳ ಬ್ಯಾಂಡಿನಲ್ಲಿ ಜಾಗವಿಲ್ಲ. ಪೈಪು ಅವಳಿಗಿಂತ ಎತ್ತರವಿದ್ದ ಕಾಲದಿಂದ ಊದುತ್ತಿರುವ ಹುಡುಗಿ. ಒಂದೇ ಒಂದು ಸಲವಾದರೂ ತನ್ನ ಬ್ಯಾಂಡಿನ ಹೆಸರು ಕೂಗಿಸಿಕೊಂಡು ಮೈದಾನದ ನಡುವೆ ನಡೆದು ಹೋಗಬೇಕೆಂಬುದು ಅವಳ ಆಸೆ. ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಬೇರೆಯವರು ಕಪ್ ಎತ್ತಿದಾಗ ಅವಳು ಚಪ್ಪಾಳೆ ತಟ್ಟುವ ರೀತಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಚೀಲದ ಸೋರಿಕೆಗೆ ಮದ್ದಿದೆ. ಒಳಗೆ ಒಂದು ಥರದ ಜಿಗುಟು ಮುಲಾಮು ಹೊಯ್ದು ಹಿಟ್ಟಿನಂತೆ ನಾದಿದರೆ ಚರ್ಮದ ರಂಧ್ರಗಳು ಮುಚ್ಚುತ್ತವೆ. ಅದಕ್ಕೆ ಹದ ಹಾಕುವುದು ಎನ್ನುತ್ತಾರೆ. ಗ್ಲೆನ್‌ಕ್ಯಾರಿ ಊರಿನ ಕ್ರೀಡಾಮೇಳದ ಸ್ಪರ್ಧೆ ಶನಿವಾರ. ಅಂಗಡಿಯಲ್ಲಿ ಮುಲಾಮು ಖಾಲಿ. ಬರುವುದು ಮುಂದಿನ ವಾರ!

"ಅಂಗಡಿಯವನನ್ನ ಯಾಕೆ ಕಾಯ್ಬೇಕು?" ಎಂದೆ ನಾನು. "ನಮ್ಮ ತಾತ ಜೇನು, ಕಾಕಂಬಿ ಪಾಕ ಮಾಡಿ ಹದ ಹಾಕ್ತಿದ್ದ. ಚೀಲ ಉಕ್ಕಿನ ಹಾಗಾಗ್ತಿತ್ತು!"

"ನಿಮ್ಮ ತಾತ ಊದಿದ್ದನ್ನ ಕೇಳಿದೋರು ಯಾರಾದ್ರೂ ಬದುಕಿದ್ದಾರಾ?"

"ರೋನಾ, ಬೇಕರಿ ನಡೆಸಿ ಬಾಳಿದವನು ನಾನು. ಪಾಕದ ವಿಷಯ ನನಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡಲ್ಲ. ಮುಟ್ಟಬೇಡ ಅಂತೀನಿ, ಅಷ್ಟೆ," ಎಂದು ಅವಳು ಅಕ್ಕನನ್ನು ನೋಡಲು ಹತ್ತಿರದ ಪರ್ತ್ ಪಟ್ಟಣಕ್ಕೆ ಬಸ್ಸು ಹತ್ತಿದಳು.

ಬಸ್ಸು ತಿರುವು ದಾಟಿರಲಿಲ್ಲ, ನಾನು ಒಲೆ ಹಚ್ಚಿದ್ದೆ!

ಆಹಾ, ಆ ಪಾಕ! ಎಳೆ ಹಿಡಿದರೆ ಅಡುಗೆಮನೆಯಿಂದ ಅಂಗಳದವರೆಗೆ ಹೋಗುತ್ತಿತ್ತು. ಒಂದೊಂದು ಚೀಲಕ್ಕೂ ಧಾರಾಳವಾಗಿ ಹೊಯ್ದೆ, ನಾದಿದೆ, ಬಟ್ಟೆ ಒಣಗಿಸಲು ಚಾವಣಿಗೆ ಕಟ್ಟಿದ್ದ ಕೋಲುಗಳಿಗೆ ಸಾಲಾಗಿ ನೇತುಹಾಕಿದೆ. ಹಸಿ ಮಾಂಸದಂಗಡಿಯ ಹಾಗೆ ಕಾಣುತ್ತಿತ್ತು, ಪರಿಮಳ ಮಾತ್ರ ಮದುವೆ ಮನೆಯದು. ತೊಟ್ಟಿಕ್ಕಿದ ಪಾಕಕ್ಕೆ ಕೆಳಗೆ ಮಲಗಿದ್ದ ಬೆಕ್ಕು ಸಿಕ್ಕಿತು. ಬೆಕ್ಕಿಗೆ ಚಾಪೆ ಸಿಕ್ಕಿತು. ರೋನಾ ಮರಳಿದಾಗ ಬಾಗಿಲಲ್ಲಿ ಅವಳನ್ನು ಎದುರುಗೊಂಡದ್ದು ಚಾಪೆ ಹೊದ್ದ ಬೆಕ್ಕು.

ಆ ಸಂಜೆ ಅವಳು ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ಮರುದಿನ ಅಭ್ಯಾಸದಲ್ಲಿ ಏನಾಯಿತು ಕೇಳಿ! ಮಕ್ಕಳು ಚೀಲ ಕಂಕುಳಲ್ಲಿಟ್ಟು ಊದಿದರು. ಸಭಾಂಗಣದ ಕಿಟಕಿಗಳು ಗಡಗಡ ನಡುಗಿದವು! ಒಂದು ಚೂರೂ ಗಾಳಿ ಸೋರಲಿಲ್ಲ. ಎಲ್ಲ ಕೊಳವೆಗಳೂ ಒಂದೇ ಶ್ರುತಿಯಲ್ಲಿ ಮೊಳಗಿದವು. ಮಿರ್ರನ್ ಕಣ್ಣರಳಿಸಿ, "ಗ್ರೆಗರ್ ಅಂಕಲ್, ಇದು ನಮ್ದೇ ಬ್ಯಾಂಡಾ?" ಎಂದಳು.

"ಕೊಳವೆಯಿಂದ ಜೇನಿನ ವಾಸನೆ ಬರ್ತಿದೆ ಅಂಕಲ್! ಹಸಿವಾಗ್ತಿದೆ!" ಎಂದ ಡೂಗಿ.

ರೋನಾ ಏನೂ ಅನ್ನಲಿಲ್ಲ. ಮದುವೆಯಾದವರಿಗೆ ಗೊತ್ತು, ಹೆಂಡತಿ ಏನೂ ಅನ್ನದಿರುವುದೇ ಪ್ರಶಸ್ತಿ. ಅಂದು ನಾನು ಎದೆ ಉಬ್ಬಿಸಿ ಮನೆಗೆ ಬಂದೆ. ಬಾಗಿಲಲ್ಲಿ ಹಿಡಿಯದಷ್ಟು!

ಶನಿವಾರ ಗ್ಲೆನ್‌ಕ್ಯಾರಿಯಲ್ಲಿ ಬಿಸಿಲೋ ಬಿಸಿಲು. ನಮ್ಮ ಕಡೆ ಬಿಸಿಲು ಬಿದ್ದರೆ ಜನ ಹಬ್ಬ ಮಾಡುತ್ತಾರೆ. ಮೈದಾನದ ಒಂದು ಕಡೆ ಮರದ ದಿಮ್ಮಿ ಎಸೆಯುವ ದಾಂಡಿಗರು, ಇನ್ನೊಂದು ಕಡೆ ಕುಣಿಯುವ ಹುಡುಗಿಯರು, ಸುತ್ತಲೂ ಓಟದ ಹಾದಿ, ನಟ್ಟನಡುವೆ ಬ್ಯಾಂಡುಗಳ ಸ್ಪರ್ಧೆ. ಎಲ್ಲೆಲ್ಲೂ ಪೈಪುಗಳ ಮೊಳಗು. ನಾನೂ ಕಿಲ್ಟ್, ಅಂದರೆ ನಮ್ಮ ಕಡೆಯ ಗಂಡಸರ ನೆರಿಗೆ ಲಂಗ, ಉಟ್ಟು, ಎಲ್ಲಾದರೂ ಚೀಲ ಸೋರಿದರೆ ಇರಲಿ ಎಂದು ಉಳಿದ ಪಾಕದ ಡಬ್ಬಿ ಹಿಡಿದು, ಸೇನಾಪತಿಯಂತೆ ಓಡಾಡುತ್ತಿದ್ದೆ.

ಮಕ್ಕಳು ಮರದ ಬುಡದಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ಬಿಸಿಲಿಗೆ ಚೀಲಗಳು ಬೆಚ್ಚಗಾದವು. ಬೆಚ್ಚಗಾದ ಪಾಕ ಹೊಲಿಗೆಗಳ ಸಂದಿಯಿಂದ ಮೆಲ್ಲಗೆ ಇಣುಕಿತು. ಆಗ ಬಂತು ನೋಡಿ, ಒಂದು ಕಣಜ!

ಕಾಳು ತುಂಬಿಡುವ ಕಣಜವಲ್ಲ ಸ್ವಾಮಿ, ಮೈಮೇಲೆ ಹಳದಿ ಕಪ್ಪು ಪಟ್ಟೆ ಎಳೆದುಕೊಂಡ, ಕುಟುಕುವ ಕಣಜ! ಆಗಸ್ಟ್ ಎಂದರೆ ನಮ್ಮಲ್ಲಿ ಅವುಗಳದೇ ರಾಜ್ಯ. ಅದು ಡೂಗಿಯ ಚೀಲದ ಮೇಲೆ ಕೂತು, ರುಚಿ ನೋಡಿ, ತೃಪ್ತಿಯಿಂದ ಹಾರಿಹೋಯಿತು. ಪೀಡೆ ತೊಲಗಿತು ಎಂದುಕೊಂಡೆ. ಅದು ಹೋದದ್ದು ನೆಂಟರಿಷ್ಟರನ್ನು ಕರೆತರಲು!

"ಗ್ರೆಗರ್," ಎಂದಳು ರೋನಾ, ತಣ್ಣಗಿನ ದನಿಯಲ್ಲಿ. "ಆ ಹುಡುಗನ ಚೀಲದ ಮೇಲೆ ಏನು ಅದು?"

"ಯಾವುದು? ಓ, ಅದಾ! ಚಿಟ್ಟೆ ಇರ್ಬೇಕು."

"ಚಿಟ್ಟೆ ಗುಂಯ್ ಅನ್ನುತ್ತಾ?"

"ಸಂಗೀತ ಪ್ರೇಮಿ ಚಿಟ್ಟೆ..."

"ಗ್ರೆಗರ್! ನಿಮ್ಮ ತಾತ ಚೀಲಕ್ಕೆ ಪಾಕ ಹಾಕ್ತಿದ್ದದ್ದು ಯಾವ ತಿಂಗಳಲ್ಲಿ?"

ನಾನು ಯೋಚಿಸಿದೆ. ತಾತ, ಒಲೆ, ಕಿಟಕಿಯ ಹೊರಗೆ ಹಿಮ...

"ಡಿಸೆಂಬರ್," ಎಂದೆ, ನೆಲ ನೋಡುತ್ತ.

"ಡಿಸೆಂಬರ್‌ನಲ್ಲಿ ಕಣಜ ಇರೋದಿಲ್ಲ ಕಣೋ ಮಹಾರಾಯಾ!"

ಅಷ್ಟರಲ್ಲಿ ಮೈದಾನದ ಮೇಲ್ವಿಚಾರಕ ಬಂದು, "ಇಂಚ್‌ಬ್ರೇ! ಮುಂದಿನ ಸರದಿ ನಿಮ್ದು, ಸಾಲಿಗೆ ಬನ್ನಿ!" ಎಂದು ಕೂಗಿದ. ಮಕ್ಕಳ ಸುತ್ತ ಆಗಲೇ ಒಂದು ಹಳದಿ ಮೋಡ. ನಾನು ಟೋಪಿ ಬೀಸಿದೆ. ಮೋಡ ಸಿಟ್ಟಾಯಿತು. ಚಿಕ್ಕ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಡೂಗಿಯ ಕಿವಿ ಆಗಲೇ ಟೊಮೆಟೊ.

"ವಾಪಸ್ ಹೋಗೋಣ್ವಾ ಮಿರ್ರನ್?" ಎಂದು ಕೇಳಿದಳು ರೋನಾ. "ನೀನು ಹೇಳಿದ ಹಾಗೆ. ಯಾರೂ ಏನೂ ಅನ್ನಲ್ಲ."

ಮಿರ್ರನ್ ಮೈದಾನದ ಕಡೆ ನೋಡಿದಳು. ಆಮೇಲೆ ತನ್ನ ಹುಡುಗರ ಕಡೆ ತಿರುಗಿದಳು.

"ಅಲ್ಲಾಡಿದ್ರೆ ಕುಟುಕ್ತವೆ. ಅಲ್ಲಾಡದೆ ನಿಂತ್ರೆ ಬರೀ ನೆಕ್ಕಿ ಹೋಗ್ತವೆ. ಬೆರಳು ಬಿಟ್ಟು ಬೇರೇನೂ ಅಲ್ಲಾಡಬಾರದು. ಭಯ ಆದೋರು ಈಗಲೇ ಹೇಳಿ, ನಾನು ಬೈಯಲ್ಲ."

ಯಾರೂ ಹೇಳಲಿಲ್ಲ. ಡೂಗಿ ಮಾತ್ರ, "ಮಿರ್ರನ್, ಸ್ವಲ್ಪ ಬೇಗ ಬೇಗ ಊದೋಣ್ವಾ?" ಎಂದ.

ಡ್ರಮ್ಮುಗಳು ಗುಡುಗಿದವು. ಮಕ್ಕಳು ಹೆಜ್ಜೆ ಹಾಕುತ್ತ ಹೋಗಿ ಮೈದಾನದ ನಡುವೆ ವೃತ್ತಾಕಾರವಾಗಿ ನಿಂತರು. ಸಾಕ್ಷಾತ್ ಚಕ್ರವ್ಯೂಹ! ಒಂದೇ ವ್ಯತ್ಯಾಸ, ಇಲ್ಲಿ ಅಭಿಮನ್ಯುಗಳೇ ವ್ಯೂಹ, ಶತ್ರು ಆಕಾಶದಲ್ಲಿ. ಸುತ್ತ ತೀರ್ಪುಗಾರರು ನಡೆದಾಡುತ್ತಿದ್ದರು. ಮಕ್ಕಳ ಮೂಗಿನ ಮೇಲೆ ಕಣಜ, ಹುಬ್ಬಿನ ಮೇಲೆ ಕಣಜ. ಒಬ್ಬರೂ ರೆಪ್ಪೆ ಹೊಡೆಯಲಿಲ್ಲ! ಹಗ್ಗದಾಚೆ ನಿಂತು ನಾನು ಒಂದೊಂದೇ ಕಣಜ ಎಣಿಸುತ್ತಿದ್ದೆ. ಅಷ್ಟರಲ್ಲಿ ದೂರದ ಬೇಲಿಯ ಕಡೆಯಿಂದ ಇನ್ನೊಂದು ಮೋಡ ಎದ್ದು ಬರುವುದು ಕಾಣಿಸಿತು. ಮೊದಲಿನದಕ್ಕಿಂತ ದೊಡ್ಡದು!

ಕೈಯಲ್ಲಿ ಡಬ್ಬಿ ಇತ್ತು. ತಲೆಯಲ್ಲಿ ಮಿಂಚು ಹೊಡೆಯಿತು. ನಾನು ಮುಚ್ಚಳ ತೆಗೆದೆ.

"ಗ್ರೆಗರ್, ಏನು ಮಾಡ್ತಿದೀಯಾ?"

"ಪ್ರಾಯಶ್ಚಿತ್ತ!" ಎಂದು ಕೂಗಿ, ಡಬ್ಬಿಯನ್ನು ನನ್ನ ಬೋಳು ತಲೆಯ ಮೇಲೆ ಬೋರಲು ಹಾಕಿಕೊಂಡೆ. ನನಗೆ ನಾನೇ ಅಭಿಷೇಕ!

ಹೊಸ ಮೋಡ ಗಾಳಿಯಲ್ಲಿ ನಿಂತಿತು. ಯೋಚಿಸಿತು. ತಿರುಗಿತು. ಮಕ್ಕಳ ಮೇಲಿದ್ದವೂ ಒಂದೊಂದಾಗಿ ಎದ್ದು, ಚಿಲ್ಲರೆ ಅಂಗಡಿ ಬಿಟ್ಟು ಸಗಟು ಮಳಿಗೆಗೆ ಹೊರಟ ಗಿರಾಕಿಗಳ ಹಾಗೆ, ನನ್ನ ಕಡೆ ಬಂದವು. ನಾನು ಓಡಿದೆ!

ಹೇಗೆ ಓಡಿದೆ ಎನ್ನುತ್ತೀರಿ! ಹಗ್ಗ ಹಾರಿದೆ. ಓಟದ ಹಾದಿಗೆ ಬಿದ್ದೆ. ಅಲ್ಲಿ ಆಗಷ್ಟೇ ಐವತ್ತು ದಾಟಿದವರ ಓಟ ಶುರುವಾಗಿತ್ತು. ನನಗೇನು ಗೊತ್ತು! ಚಡ್ಡಿ ಹಾಕಿದ ಗಂಡಸರು ಮುಂದೆ ಓಡುತ್ತಿದ್ದರು. ಅವರಿಗೂ ಕಣಜವೇ ಬೆನ್ನಟ್ಟಿದೆ ಎಂದು ತಿಳಿದು ಕನಿಕರದಿಂದಲೇ ಹಿಂದಿಕ್ಕಿದೆ. ಒಬ್ಬರ ನಂತರ ಒಬ್ಬರು. ಗಾಳಿಗೆ ಕಿಲ್ಟ್ ಹಾರಿತು. ಕಿಲ್ಟಿನ ಒಳಗೆ ಏನಿರುತ್ತದೆ ಎಂಬ ಹಳೆಯ ಪ್ರಶ್ನೆಗೆ ಅಂದು ಗ್ಲೆನ್‌ಕ್ಯಾರಿಯ ಜನರಿಗೆ ಉತ್ತರ ಸಿಕ್ಕಿತು. ಕಣಜಗಳಿಗೂ!

ಓಡುತ್ತಲೇ ಕಿವಿಯಲ್ಲಿ ನಮ್ಮ ಮಕ್ಕಳ ಹಾಡು. ಎಂದೂ ಕೇಳದ ವೇಗ, ಎಂದೂ ಕೇಳದ ಹುರುಪು! ಜನ ಎದ್ದು ನಿಂತು ಕೇಕೆ ಹಾಕುತ್ತಿದ್ದರು. ಬ್ಯಾಂಡಿಗೋ ನನಗೋ ಗೊತ್ತಿಲ್ಲ. ಎದೆಗೆ ಏನೋ ಪಟ್ಟಿ ತಗುಲಿ ಹರಿಯಿತು. ನಿಲ್ಲಲಿಲ್ಲ. ಮುಂದೆ ಕುದುರೆಗಳ ನೀರಿನ ತೊಟ್ಟಿ ಕಾಣಿಸಿತು. ಕಣ್ಣು ಮುಚ್ಚಿ ಹಾರಿದೆ. ಒಂದು ಕುದುರೆ ನನ್ನ ಪಕ್ಕದಲ್ಲೇ ನೀರು ಕುಡಿಯುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡಿ ಕುಡಿಯುವುದನ್ನೇ ಬಿಟ್ಟು ಹೊರಟುಹೋಯಿತು.

ಧ್ವನಿವರ್ಧಕ ಮೊಳಗಿತು: "ಹಿರಿಯರ ಓಟದಲ್ಲಿ ಮೊದಲು ಗುರಿ ಮುಟ್ಟಿದವರು, ಹೆಸರು ತಿಳಿಯದ ಒಬ್ಬ ಕಂದು ಬಣ್ಣದ ಮಹನೀಯರು!" ಕ್ಷಣ ಬಿಟ್ಟು, "ಕ್ಷಮಿಸಿ, ಅವರು ಹೆಸರು ನೋಂದಾಯಿಸಿಲ್ಲದ್ದರಿಂದ ಬಹುಮಾನ ಎರಡನೆಯವರಿಗೆ!"

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನನ್ನ ಮುಖಕ್ಕೆ ಮುಲಾಮು ಬಳಿಯುತ್ತಿದ್ದಾಗ ರೋನಾ ಓಡಿ ಬಂದಳು. ಕಣ್ಣಲ್ಲಿ ನೀರು. ನನ್ನ ಅವಸ್ಥೆ ನೋಡಿ ಅತ್ತಳೆಂದುಕೊಂಡೆ.

"ಎರಡನೇ ಸ್ಥಾನ, ಗ್ರೆಗರ್! ನಮ್ಮ ಮಕ್ಕಳಿಗೆ ಎರಡನೇ ಸ್ಥಾನ!"

ನಡೆದದ್ದಿಷ್ಟು. ಹಾಡಿನ ಕೊನೆಯ ಸ್ವರ ಬಂದದ್ದೇ ತಡ, ಕಣಜ ಮತ್ತೆ ಬಂದಾವೆಂಬ ಭಯಕ್ಕೆ ಇಡೀ ಬ್ಯಾಂಡು ಒಂದೇ ಕ್ಷಣಕ್ಕೆ ಚೀಲವನ್ನು ಕಂಕುಳಿಂದ ಕಿತ್ತೆಸೆದಂತೆ ಬಿಟ್ಟಿತ್ತಂತೆ. ಡೂಗಿ ಎಲ್ಲರಿಗಿಂತ ಮೊದಲು! ಒಂದು ಕೊಳವೆಯೂ ನರಳಲಿಲ್ಲ. ಕತ್ತಿಯಲ್ಲಿ ಕತ್ತರಿಸಿದ ಹಾಗೆ ಮೌನ. ತೀರ್ಪುಗಾರ್ತಿಯೊಬ್ಬರು ರೋನಾಳ ಕೈ ಹಿಡಿದು, "ಶಿಲೆಗಳ ಹಾಗೆ ನಿಂತಿದ್ರು ನಿಮ್ಮ ಮಕ್ಕಳು. ಇಂಥ ಶಿಸ್ತು ಹೇಗೆ ಕಲಿಸಿದ್ರಿ?" ಎಂದು ಕೇಳಿದರಂತೆ. "ಮನೆಯವರ ಸಹಕಾರ," ಎಂದಳಂತೆ ಇವಳು.

ಊದಿದ ಕಣ್ಣುಗಳ ಸಂದಿಯಿಂದ ನಾನೂ ನೋಡಿದೆ. "ಇಂಚ್‌ಬ್ರೇ!" ಎಂದು ಕೂಗಿದರು. ಮಿರ್ರನ್ ಬೆನ್ನು ನೆಟ್ಟಗೆ ಮಾಡಿಕೊಂಡು ಅಷ್ಟುದ್ದ ಮೈದಾನವನ್ನು ನಡೆದಳು. ಅವಸರ ಮಾಡಲಿಲ್ಲ. ಗಲ್ಲದ ಮೇಲೆ ಎರಡು ಕೆಂಪು ಗುಳ್ಳೆ, ಮುಖದಲ್ಲಿ ಹುಣ್ಣಿಮೆ. ವಾಪಸ್ ಬಂದು ಕಪ್ಪನ್ನು ಚಿಕ್ಕ ಹುಡುಗಿಯ ಕೈಗೆ ಕೊಟ್ಟು, ಆಮೇಲೆ ನನ್ನ ಹತ್ತಿರ ಬಂದು, "ಅಂಕಲ್, ನಿಮ್ಮನ್ನ ಹೆಗಲ ಮೇಲೆ ಹೊರ್ಬೇಕು ಅಂತ ಹುಡುಗ್ರು ಹೇಳಿದ್ರು. ಮುಟ್ಟಿ ನೋಡಿದ್ರು. ಬೇಡ ಅಂದ್ರು," ಎಂದು ನಕ್ಕಳು. ನಕ್ಕವಳು ಹಾಗೇ ಅತ್ತುಬಿಟ್ಟಳು. ಇಬ್ಬರ ಮುಖವೂ ಊದಿತ್ತು. ಯಾರು ಅಳುತ್ತಿದ್ದಾರೆಂದು ನೋಡಿದವರಿಗೆ ಗೊತ್ತಾಗಿರಲಾರದು.

ಸೋಮವಾರ ಬೆಳಗ್ಗೆ ಫೋನು ಬಂತು. ನನ್ನ ತುಟಿ ಇನ್ನೂ ಬದನೆಕಾಯಿಯಷ್ಟಿತ್ತು. ರೋನಾಳೇ ಎತ್ತಿದಳು. ಯಾವುದೋ ಹಿರಿಯ ಓಟಗಾರರ ಸಂಘದವರಂತೆ! ಮೈದಾನದ ಮೇಲ್ವಿಚಾರಕನಿಂದ ನಂಬರು ಹಿಡಿದಿದ್ದರಂತೆ. ಗ್ಲೆನ್‌ಕ್ಯಾರಿಯಲ್ಲಿ ನನ್ನ ಓಟ ಕಂಡು ಬೆರಗಾಗಿದ್ದರಂತೆ. ಇಂಥ ಪ್ರತಿಭೆ ಇಷ್ಟು ದಿನ ಎಲ್ಲಿ ಅಡಗಿತ್ತು, ಮುಂದಿನ ಪಂದ್ಯಕ್ಕೆ ತಮ್ಮ ಪರವಾಗಿ ಓಡುತ್ತಾರಾ ಎಂದು ಕೇಳುತ್ತಿದ್ದರು.

ನನ್ನ ಎದೆ ಮತ್ತೆ ಉಬ್ಬಿತು. "ಹೂಂ ಅನ್ನು, ಹೂಂ ಅನ್ನು!" ಎಂದು ಎರಡೂ ಕೈಯಲ್ಲಿ ಸನ್ನೆ ಮಾಡಿದೆ.

ರೋನಾ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಬರ್ತಾನೆ, ಖಂಡಿತ ಬರ್ತಾನೆ," ಎಂದಳು ಫೋನಿನಲ್ಲಿ. "ಆದ್ರೆ ಕಣಜಗಳನ್ನ ನೀವೇ ತರ್ಬೇಕಾಗುತ್ತೆ!"