ಹಿಮ ಚಂದ ಉಂಟು ಅಂದವರು

ಹಲ್ಲಿನ ಡಾಕ್ಟರ್ ಕಾದಂಬರಿ ಬರೆಯಬಾರದು. ಬರೆದರೂ ತಾನಿರುವ ಊರಿನವರ ಕೈಗೆ ಕೊಡಬಾರದು. ಈ ಬುದ್ಧಿ ನನಗೆ ಬಂದದ್ದು ಪುಸ್ತಕ ಅಚ್ಚಾದ ಮೇಲೆ. ಅಂದಿನಿಂದ ಕೆಳಗೆ ಬರೆದಂಥದ್ದು ನಡೆಯುತ್ತಲೇ ಇದೆ, ನಿಲ್ಲುವ ಲಕ್ಷಣ ಕಾಣುತ್ತಿಲ್ಲ.

ಕಥೆ ಬಹಳ ಸರಳ. ಹಿಮ ಬೀಳುವ ಒಂದು ಬೆಟ್ಟದ ಊರು. ಒಬ್ಬಳು ಅಲ್ಲಿಗೆ ಹೊಸತಾಗಿ ಬಂದ ಟೀಚರ್, ಇನ್ನೊಬ್ಬಳು ಚಾದಂಗಡಿ ನಡೆಸುವವಳು. ರಸ್ತೆ ಮುಚ್ಚುತ್ತದೆ, ಚಳಿಗಾಲವಿಡೀ ಒಂದೇ ಮನೆಯಲ್ಲಿರುತ್ತಾರೆ, ಪ್ರೀತಿಸುತ್ತಾರೆ, ಮುತ್ತು ಕೊಡುತ್ತಾರೆ, ಜಗಳವಾಡಿ ದೂರವಾಗುತ್ತಾರೆ, ಮತ್ತೆ ಸೇರಿ ಸಂಸಾರ ಹೂಡುತ್ತಾರೆ. ಮುಚ್ಚುಮರೆ ಎಂಬುದೇ ಇಲ್ಲ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಅಚ್ಚ ಕನ್ನಡದಲ್ಲಿ ಹೇಳಿಸಿದ್ದೇನೆ. ಆದರೂ ನಮ್ಮ ಓದುಗರು ಆ ಒಂದು ವಿಷಯ ಬಿಟ್ಟು ಉಳಿದೆಲ್ಲದರ ಬಗ್ಗೆ ಅಭಿಪ್ರಾಯ ಕೊಡುತ್ತಾರೆ. ನನಗೆ ಮೈ ಉರಿಯುತ್ತದೆ.

ಯಾಕೆ ಉರಿಯುತ್ತದೆ ಎಂದೂ ಹೇಳಿಬಿಡುತ್ತೇನೆ. ನಾವೂ ಇಬ್ಬರು ಹೆಂಗಸರೇ. ನಾನೂ ನನ್ನವಳೂ ಎಷ್ಟೋ ವರ್ಷಗಳಿಂದ ಉರ್ವದಲ್ಲಿ ಒಟ್ಟಿಗೆ ಇದ್ದೇವೆ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ನಮ್ಮ ಬೀದಿಗೆ ಅವಳು ‘ಡಾಕ್ಟ್ರ ಫ್ರೆಂಡ್’. ಪಡೀಲಿನಲ್ಲಿರುವ ಅವಳ ಅಮ್ಮನಿಗೆ ನಾನು ‘ರೂಮ್‌ಮೇಟ್’. ವರ್ಷಕ್ಕೊಮ್ಮೆ ನಮ್ಮ ಕುಟುಂಬದ ದೈವಕ್ಕೆ ತಂಬಿಲದ ಸೇವೆ ಕೊಡುವ ದಿನ ಎಲ್ಲರೂ ಸೇರುತ್ತೇವೆ. ಊಟಕ್ಕೆ ನನ್ನ ತಂಗಿಯ ಗಂಡನಿಗೆ ಒಳಗೆ, ಮನೆಯವರ ಸಾಲಿನಲ್ಲಿ ಎಲೆ. ನನ್ನವಳಿಗೆ ಹೊರಗೆ ಶಾಮಿಯಾನದ ಕೆಳಗೆ, ಅದನ್ನು ಹಾಕಿದವರ ಜೊತೆ. ನಾನೂ ಸಿಟ್ಟಿನಿಂದ ಹೊರಗೆ ಹೋಗಿ ಅವಳ ಪಕ್ಕ ಕೂರುತ್ತೇನೆ. “ಡಾಕ್ಟ್ರಿಗೆ ಒಳಗೆ ಸೆಕೆ ಆಗ್ತದೆ” ಎನ್ನುತ್ತಾರೆ. ಯಾರು ಎಲ್ಲಿ ಕೂರಬೇಕೆಂದು ಹೇಳುವವರು ನಮ್ಮ ದೊಡ್ಡಮ್ಮ. ನಿಜ ಹೇಳಬೇಕೆಂದರೆ ಅವರೊಬ್ಬರು ಓದಲಿ ಎಂದೇ ಪುಸ್ತಕ ಬರೆದೆ. ಅವರಿಗಿಂತ ಮೊದಲು ಊರೆಲ್ಲ ಓದಿತು.

ರಜಾಯಿ

ಕಾಟಿಪಳ್ಳದಿಂದ ನನ್ನ ಕ್ಲಿನಿಕ್ಕಿಗೆ ಬರುವ ಒಬ್ಬ ಅಂಕಲ್ ಇದ್ದಾರೆ. ರೂಟ್ ಕೆನಾಲ್‌ಗೆಂದು ಕುರ್ಚಿಯಲ್ಲಿ ಒರಗಿದವರು ಬಾಯಿ ತೆರೆಯುವ ಬದಲು ಮಾತು ತೆರೆದರು.

“ಡಾಕ್ಟ್ರೇ, ಪುಸ್ತಕ ಫಸ್ಟ್ ಕ್ಲಾಸ್. ಹಿಮ ಎಂತ ಚಂದ ಉಂಟು. ಒಂದೇ ರಜಾಯಿ ಹೊದ್ದು ಮಲಗುವ ಆ ಸೀನ್ ಓದಿ ನಮ್ಮ ಮನೆಯವಳು ಎದ್ದು ಫ್ಯಾನ್ ಆಫ್ ಮಾಡಿದಳು.”

“ಆ ಸೀನಲ್ಲಿ ಅವರಿಬ್ಬರು ಮುತ್ತು ಕೊಡ್ತಾರೆ ಅಂಕಲ್.”

“ಮೈನಸ್ ಡಿಗ್ರಿ ಅಲ್ಲವಾ? ಮೈಗೆ ಬಿಸಿ ಬೇಕಲ್ಲ. ಅದು ಸೈನ್ಸ್.”

“ಕೊನೆಯ ಅಧ್ಯಾಯದಲ್ಲೂ ಕೊಡ್ತಾರೆ. ಆಗ ಬೇಸಗೆ.”

ಅವರು ಸೂರಿನ ಕಡೆ ಬೆರಳೆತ್ತಿ ನನ್ನನ್ನು ತಿದ್ದಿದರು. “ಅಲ್ಲಿಯ ಬೇಸಗೆ ನಮ್ಮ ಡಿಸೆಂಬರಿಗಿಂತ ಚಳಿ.”

“ಅವರು ಪ್ರೀತಿಸ್ತಾರೆ ಅಂಕಲ್.”

“ಪ್ರೀತಿ ಇಲ್ಲದೆ ಯಾರು ರಜಾಯಿ ಹಂಚಿಕೊಳ್ತಾರೆ? ನಾನೂ ನಮ್ಮ ಅಣ್ಣನೂ ಒಂದೇ ಚಾಪೆಯಲ್ಲಿ ಮಲಗಿ ದೊಡ್ಡವರಾದದ್ದು.”

ಇದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಬಾಯಿಗೆ ಹತ್ತಿ ಇಟ್ಟೆ. ಒಂದು ಹಲ್ಲಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟೆ.

ಪ್ರಶ್ನೋತ್ತರ

ಒಂದು ಮಹಿಳಾ ಸಂಘದವರು ಪುಸ್ತಕದ ಬಗ್ಗೆ ಮಾತಾಡಲು ಕರೆದರು. ನನ್ನವಳೂ ಬಂದಳು. ಅಧ್ಯಕ್ಷೆ ಮೈಕ್ ಹಿಡಿದು, ಇಬ್ಬರು ಹೆಣ್ಣುಮಕ್ಕಳ ನಿಷ್ಕಲ್ಮಶ ಸ್ನೇಹವನ್ನು ಹೀಗೆ ಬರೆದವರು ಯಾರೂ ಇಲ್ಲ, ಒಡಹುಟ್ಟಿದ ಅಕ್ಕತಂಗಿಯರಂತೆ ಇದ್ದಾರೆ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕತಂಗಿಯರು ಹಾಗೆ ಮುತ್ತು ಕೊಡುವ ಮನೆ ಇವರು ಎಲ್ಲಿ ನೋಡಿದ್ದಾರೋ.

ನಾನು ಎದ್ದು ನಿಂತು ಹೇಳಿದೆ. “ಅವರು ಅಕ್ಕತಂಗಿಯರಲ್ಲ, ಸ್ನೇಹಿತೆಯರಲ್ಲ. ಅವರು ಪ್ರೇಮಿಗಳು. ಗಂಡಹೆಂಡತಿ ಹೇಗೋ ಹಾಗೆ.”

ಅಧ್ಯಕ್ಷೆ ಮೈಕಿಗೆ ಬಂದು, “ಪ್ರಶ್ನೋತ್ತರ ಮುಗೀತು. ಗೋಳಿಬಜೆ ಬಿಸಿ ಇರುವಾಗ ತೆಗೊಳ್ಳಿ” ಎಂದರು. ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ.

ಗೋಳಿಬಜೆ ಮುಗಿಯುವಷ್ಟರಲ್ಲಿ ಸಂಘದವರೆಲ್ಲ ಸೇರಿ ಹಿಮ ನೋಡಲು ಟೂರ್ ಹೋಗುವುದೆಂದು ನಿಶ್ಚಯವಾಗಿತ್ತು. ಸಸ್ಯಾಹಾರ ಸಿಗ್ತದಾ, ನೈಟಿ ಮೇಲೆ ಸ್ವೆಟರ್ ಸಾಕಾ ಎಂದೆಲ್ಲ ನನ್ನನ್ನೇ ಕೇಳಿದರು. ಕಾದಂಬರಿಕಾರ್ತಿ ಎಂದು ಕರೆದವರು ಟೂರ್ ಗೈಡ್ ಮಾಡಿ ಕಳಿಸಿದರು. ಹೊರಡುವಾಗ ಅಧ್ಯಕ್ಷೆ ಪ್ರೀತಿಯಿಂದ ನನ್ನ ಕೈ ಹಿಡಿದುಕೊಂಡರು.

“ನೀವೂ ಬರಬೇಕು, ನಿಮ್ಮ ಫ್ರೆಂಡೂ ಬರಬೇಕು. ನಿಮಗೆ ಮಾತ್ರ ಬೇರೆ ಬೇರೆ ರೂಮ್ ಕೊಡ್ತೇವೆ. ಪಾಪ, ದಿನಾ ಒಂದೇ ಮನೆಯಲ್ಲಿದ್ದು ಬೋರಾಗಿರ್ತದೆ.”

ಕೆಳಗಿನ ಅಂಗಡಿ

ನನ್ನ ಕ್ಲಿನಿಕ್ಕಿನ ಕೆಳಗೆ ಬ್ಯಾಗು, ಕೊಡೆ ಮಾರುವ ಬ್ಯಾರಿಯವರ ಅಂಗಡಿ. ಅಣ್ಣಂದಿರೆಲ್ಲ ಗಲ್ಫಿನಲ್ಲಿ, ಇವರೊಬ್ಬರು ಇಲ್ಲಿ. ಗಿರಾಕಿ ಇಲ್ಲದಾಗ ಓದುವ ಅಭ್ಯಾಸ. ಒಂದು ದಿನ ಪುಸ್ತಕ ಹಿಡಿದುಕೊಂಡು ಸೀದಾ ಮೇಲೆ ಬಂದರು. ಹಲ್ಲುನೋವಿನವರು ಇಬ್ಬರು ಕಾಯುತ್ತಿದ್ದರು, ಅದನ್ನೂ ಲೆಕ್ಕಿಸಲಿಲ್ಲ.

“ಡಾಕ್ಟ್ರೇ, ಬೇಜಾರು ಮಾಡಿದ್ರೂ ಅಡ್ಡಿಲ್ಲ, ಬಾಯಿ ಬಿಟ್ಟು ಹೇಳ್ತೇನೆ. ಈ ಇಬ್ಬರು ಹೆಂಗಸರ ಪ್ರೇಮ, ಇದು ನಮ್ಮಲ್ಲಿ ಆಗುವುದಿಲ್ಲ. ನಾನು ಒಪ್ಪುವುದಿಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಅವರಿಗೆ ಚಾ ತರಿಸೋಣ ಅನ್ನಿಸಿತು. ಇಷ್ಟು ದಿನದಲ್ಲಿ ಪ್ರೇಮವನ್ನು ಪ್ರೇಮ ಎಂದ ಮೊದಲ ಮನುಷ್ಯ ಇವರು.

“ಆದ್ರೆ ಒಂದು ಕೇಳ್ತೇನೆ” ಎಂದು ಧ್ವನಿ ಏರಿಸಿದರು. “ಆ ಟೀಚರನ್ನು ಹಿಮದಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ್ದು ಎಂತಕ್ಕೆ? ಒಳಗೆ ಒಲೆ ಉರೀತಾ ಉಂಟು, ಬಾಗಿಲು ತೆಗೆಯಲಿಕ್ಕೆ ಆ ಚಾದಂಗಡಿಯವಳಿಗೆ ಎಂತ ರೋಗ? ನನಗೆ ಮಧ್ಯಾಹ್ನ ಊಟ ಸೇರಲಿಲ್ಲ.”

“ಮುಂದಿನ ಅಧ್ಯಾಯದಲ್ಲಿ ಒಂದಾಗ್ತಾರಲ್ಲ.”

“ಅದು ಗೊತ್ತಾದದ್ದು ಸಂಜೆಗೆ. ಅಷ್ಟರವರೆಗೆ ಬಂದ ಗಿರಾಕಿಗಳಿಗೆಲ್ಲ ಬೈದಿದ್ದೇನೆ.” ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ತಪ್ಪು ಅಂದ್ರೆ ತಪ್ಪೇ. ಆದ್ರೆ ಮಾಡುವ ತಪ್ಪನ್ನಾದ್ರೂ ಜಗಳ ಇಲ್ಲದೆ ಸರಿಯಾಗಿ ಮಾಡ್ಬೇಕಲ್ಲ ಮಾರಾಯ್ರೆ.”

ದೊಡ್ಡಮ್ಮನ ಅಭಿಪ್ರಾಯ

ಕೊನೆಗೆ ದೊಡ್ಡಮ್ಮ ಪುಸ್ತಕ ತರಿಸಿಕೊಂಡರು. ದಿನಾ ಬೆಳಿಗ್ಗೆ ನನಗೆ ಫೋನ್ ಮಾಡುವವರು, ಅಂದಿನಿಂದ ಮಾಡಲಿಲ್ಲ. ನಾನು ಮಾಡಿದರೆ, “ಓದ್ತಾ ಇದ್ದೇನೆ, ಇಡು” ಎಂದು ಕಟ್ ಮಾಡುತ್ತಿದ್ದರು. ತಂಬಿಲ ಹತ್ತಿರ ಬಂತು. ಈ ಸಲ ಶಾಮಿಯಾನದಲ್ಲೂ ನಮಗೆ ಎಲೆ ಇರಲಾರದು ಎಂದುಕೊಂಡೆ. ಹೆದರಿಕೆಯಾದಾಗ ನನಗೆ ಸಿಟ್ಟೇ ಬರುವುದು. ಪಾಪ, ಆ ವಾರ ಬಂದ ರೋಗಿಗಳ ಹಣೆಬರಹ.

ಒಂದು ಭಾನುವಾರ ಫೋನ್ ಬಂತು. “ಇಬ್ಬರೂ ಬನ್ನಿ.”

ಸ್ಕೂಟರಿನಲ್ಲಿ ಹೋದೆವು. ದೊಡ್ಡಮ್ಮ ತಮ್ಮ ಫ್ಲಾಟಿನ ಹಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಪುಸ್ತಕಕ್ಕೆ ಪೇಪರಿನ ಬೈಂಡು ಹಾಕಿದ್ದರು. ನಮ್ಮನ್ನು ಕಂಡದ್ದೇ ಅದನ್ನು ನೆಲಕ್ಕೆ ಕುಕ್ಕಿದರು.

“ನಿನಗೆ ಬುದ್ಧಿ ಉಂಟಾ? ಹಿಮ ಬಿದ್ದದ್ದು ಬರೆದೆ. ಚಾಕ್ಕೆ ಉಪ್ಪು ಹಾಕುವುದು ಬರೆದೆ. ಆ ಊರಿನ ಕತ್ತೆ ಮರಿ ಹಾಕಿದ್ದನ್ನೂ ಬರೆದೆ. ಆ ಹುಡುಗಿಯರ ಬರಿ ಯಾವುದು, ಅದನ್ನು ಎಲ್ಲಿ ಬರೆದಿದ್ದೀ?”

ಬರಿ ಎಂದರೆ ತುಳುವರಾದ ನಮಗೆ ತಾಯಿಯ ಕಡೆಯಿಂದ ಬರುವ ಕುಲ. ಬೇರೆಯವರಿಗೆ ಗೋತ್ರ ಇದ್ದ ಹಾಗೆ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಇಲ್ಲ.

“ದೊಡ್ಡಮ್ಮ, ಅವರು ಬೆಟ್ಟದವರು. ಅವರಿಗೆ ಬರಿ ಇಲ್ಲ.”

“ಬರಿ ಇಲ್ಲದ ಜನ ಉಂಟಾ? ಒಟ್ಟಿಗೆ ಸಂಸಾರ ಮಾಡ್ಲಿಕ್ಕೆ ಹೊರಟವರು ಮೊದಲು ಕೇಳ್ಬೇಕಾದದ್ದು ಅದಲ್ಲವಾ? ಎಲ್ಲ ಆದ ಮೇಲೆ ಒಂದೇ ಬರಿ ಅಂತಾದ್ರೆ ಎಂತ ಮಾಡುವುದು? ನನಗೆ ಇಷ್ಟು ದಿನ ನಿದ್ದೆ ಇಲ್ಲ.”

ಸಂಸಾರ ಎಂದರು. ಸ್ನೇಹ ಎನ್ನಲಿಲ್ಲ, ಚಳಿ ಎನ್ನಲಿಲ್ಲ. ಅಷ್ಟರಲ್ಲೇ ದೊಡ್ಡಮ್ಮನ ಬೆರಳು ನನ್ನವಳ ಕಡೆ ತಿರುಗಿತು.

“ಬೆಟ್ಟದವರು ಸಾಯಲಿ. ಇವಳ ಬರಿ ಯಾವುದು?”

ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ದೊಡ್ಡಮ್ಮ ತಲೆಗೆ ಕೈ ಇಟ್ಟುಕೊಂಡರು. “ಡಾಕ್ಟರಂತೆ, ಡ್ರೈವರಂತೆ. ಫೋನ್ ಮಾಡು ನಿನ್ನ ಅಮ್ಮನಿಗೆ, ಈಗಲೇ.”

ನನ್ನವಳು ಪಡೀಲಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. “ಅಮ್ಮ, ನಮ್ಮ ಬರಿ ಯಾವುದು?”

ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವುದು ಒಂದೇ ಕಾರಣಕ್ಕೆ. ಆ ಕಾರಣ ಎಂತ ಎಂದು ಹೆಣ್ಣು ಹೆತ್ತ ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

“ಯಾರು ಕೇಳಿದ್ದು?”

“ಡಾಕ್ಟ್ರ ದೊಡ್ಡಮ್ಮ.”

ಫೋನಿನ ಆ ಕಡೆ ಕುಕ್ಕರ್ ಸೀಟಿ ಹಾಕಿತು. ಅವರು ಅದನ್ನು ಇಳಿಸಲಿಲ್ಲವೆಂದು ಕಾಣುತ್ತದೆ, ಇನ್ನೊಮ್ಮೆ ಹಾಕಿತು. ಆಮೇಲೆ ಬರಿಯ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರಿ ಸಿಕ್ಕಿದರೆ ನಮ್ಮ ಜನ ಮನೆ ಹುಡುಕಿಕೊಂಡು ಬರುತ್ತಾರೆ. ದೊಡ್ಡಮ್ಮ ಕಣ್ಣು ಮುಚ್ಚಿ ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಮನಸ್ಸಿನಲ್ಲೇ ವಿಚಾರಿಸಿ ಕಣ್ಣು ತೆರೆದರು.

“ಬೇರೆ. ಆಗ್ತದೆ. ತಂಬಿಲದ ದಿನ ಇವಳು ಒಳಗಿನ ಸಾಲಿನಲ್ಲಿ ಕೂರ್ಲಿ.”

ನನ್ನವಳು ಅಳತೊಡಗಿದಳು. ನನಗೆ ಮಾತ್ರ ಕೆಂಡದಂಥ ಸಿಟ್ಟು ಬಂತು. ಇಷ್ಟು ವರ್ಷ ಶಾಮಿಯಾನದ ಕೆಳಗೆ ಕೂರಿಸಿದ್ದು ಈ ಒಂದು ಪ್ರಶ್ನೆ ಕೇಳದೆಯಾ? ಆ ಸಿಟ್ಟನ್ನು ಫೋನಿನಲ್ಲಿದ್ದ ಅವಳ ಅಮ್ಮನ ಮೇಲೆ ಕೂಗಿ ತೀರಿಸಿದೆ. “ನಮ್ಮ ವಿಷಯ ನಿಮಗೆ ಗೊತ್ತಿತ್ತಲ್ಲ ಅಮ್ಮ. ಒಂದು ಮಾತು ಕೇಳ್ಬಾರದಿತ್ತಾ?”

“ಕೇಳ್ಬೇಕೂಂತ ಇದ್ದೆ ಮಗಾ” ಎಂದರು ಅವರು. “ಹೆಣ್ಣಿನ ಕಡೆಯವರು ನಾವಾಗಿ ಮೊದಲು ಕೇಳುವುದು ಹೇಗೆ ಅಂತ ಸುಮ್ಮನಿದ್ದೆ.”

ದೊಡ್ಡಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. “ಮತ್ತೆ ನಾವು ಯಾವ ಕಡೆಯವರು ಅಂತ ಮಾಡಿದ್ದೀರಿ?”